ಉಣ್ಣೆ ಅಂಗಿ ತೊಟ್ಟ ಕಂಪ್ಯೂಟರು

ನಮ್ಮಳಿಯನ ಕಂಪ್ಯೂಟರಿನ ಕಾಯಿಲೆ ವಾಸಿ ಮಾಡಿದವಳು ನಾನೇ. ತಿಳಿದವರೆಲ್ಲ ಕೈಚೆಲ್ಲಿ ಕೂತಿದ್ದಾಗ, ಕನ್ನಡಕ ಕೂಡ ಹಾಕಿಕೊಳ್ಳದೆ, ಎರಡೇ ಬೆರಳಲ್ಲಿ ಅದರ ರೋಗ ಎತ್ತಿ ಆಚೆಗೆ ಹಾಕಿದೆ. ಸ್ಲೇಟು ಒಡೆದುಕೊಂಡು ಶಾಲೆ ಬಿಟ್ಟ ಹೆಂಗಸು ನಾನು! ಈ ಮಾತಿನಲ್ಲಿ ಅರ್ಧ ಸುಳ್ಳಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವ ಅರ್ಧ ಅನ್ನುವುದನ್ನು ನೀವೇ ಹುಡುಕಿಕೊಳ್ಳಿ. ಎಲ್ಲವನ್ನೂ ಕಲಸಿ ಬಾಯಿಗಿಡೋದಕ್ಕೆ ನೀವೇನು ಹಸುಗೂಸೇ?

ಅಳಿಯನ ಹೆಸರು ಬೇಡ ಬಿಡಿ, ಬೀದಿಯವರೆಲ್ಲ ಅವನನ್ನು ಮೋಡಣ್ಣ ಅಂತಲೇ ಕರೆಯುವುದು. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೆ ಒಲೆ ಆರಿಸುವುದು ಬಿಟ್ಟು, "ಅತ್ತೆ, ಬನ್ನಿ ಬನ್ನಿ, ಮೋಡ ಹುಟ್ತಿದೆ!" ಎಂದು ನನ್ನನ್ನು ಕೂಗುವ ಆಸಾಮಿ. ಒಂದು ಸಲ ಬಲಗಾಲಿಗೆ ಚಪ್ಪಲಿ ಹಾಕಿಕೊಂಡವನು ಏನೋ ನೆನಪಾಗಿ ನಿಂತ. ಎಡಗಾಲಿಗೆ ಹಾಕಿಕೊಳ್ಳುವಷ್ಟರಲ್ಲಿ ಮಳೆಗಾಲ ಹೋಗಿ ಚಳಿಗಾಲ ಬಂದಿತ್ತು. 'ಅಳಿಯ ಅಲ್ಲ, ಮಗಳ ಗಂಡ' ಅನ್ನುವ ಗಾದೆ ಹುಟ್ಟಿದ್ದೇ ಇವನನ್ನು ನೋಡಿ ಅಂತ ನನ್ನ ಗುಮಾನಿ.

ಅವನ ಕೆಲಸವೂ ಹಾಗೇ. ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಕೂತು, ಕಿಟಕಿಗೆ ಹಾಕುವ ಪರದೆಯ ಬಟ್ಟೆಗೆ ಕಂಪ್ಯೂಟರಿನಲ್ಲಿ ಚಿತ್ತಾರ ಬರೆಯುವುದು. ಬರೆದದ್ದನ್ನೆಲ್ಲ ಬಟ್ಟೆ ಮಿಲ್ಲಿನವರು ನೋಡಿ, ಚೆನ್ನಾಗಿದೆ ಎಂದು ಹೊಗಳಿ, ವಾಪಸು ಕಳಿಸುತ್ತಿದ್ದರು. ನನ್ನ ಮಗಳು ಬೇಕರಿಯಲ್ಲಿ ಕೇಕಿನ ಮೇಲೆ ಕೆನೆಯ ಹೂ ಬಿಡಿಸುವವಳು, ಕೈಯೂ ಮೆತ್ತಗೆ, ಮಾತೂ ಮೆತ್ತಗೆ. ಅವಳೇ ಕೊನೆಗೆ ಒಂದು ದಿನ ಗಟ್ಟಿಯಾಗಿ ಹೇಳಿಬಿಟ್ಟಳು.

"ರೀ, ಇದೇ ಕೊನೆ. ಶನಿವಾರ ಸಂಜೆ ಮಿಲ್ಲಿನ ಯಜಮಾನಿ ಮನೆಗೇ ಬರ್ತಾರಂತೆ. ಅವರು ಒಪ್ಪಿದ್ರೆ ಮಿಲ್ಲಲ್ಲಿ ಕಾಯಂ ಕೆಲಸ, ಆಮೇಲೆ ನಾನು ಚಕಾರ ಎತ್ತಲ್ಲ. ಒಪ್ಪಲಿಲ್ವೋ, ಸೋಮವಾರದಿಂದ ನಿಮ್ಮ ಭಾವನ ಬೋಲ್ಟ್ ಅಂಗಡಿ."

ಭಾವನ ಅಂಗಡಿ ಅಂದರೆ ಉದ್ದನೆಯ ಕೊಳವೆ. ಮುಂದೆ ಒಂದು ಬಾಗಿಲು, ಒಳಗೆ ಸೂರಿನವರೆಗೂ ಬೋಲ್ಟು, ನಟ್ಟು, ವಾಷರು. ಹೆಸರಿಗೊಂದು ಕಿಟಕಿ ಇಲ್ಲ. ಕಿಟಕಿಯಿಲ್ಲದ ಕಡೆ ಮೋಡಣ್ಣನನ್ನು ಕೂರಿಸುವುದೆಂದರೆ ಮೀನನ್ನು ಗೂಟಕ್ಕೆ ಕಟ್ಟಿದ ಹಾಗೆ. ಪಾಪ, ಅವನು ಒಂದು ಋತುವೆಲ್ಲ ಕೂತು ಒಂದು ಕೊಳ ಬರೆದ. ಸಂಜೆ ಬೆಳಕಿನ ಕೊಳ, ತಿಳಿನೀಲಿ ನೀರು, ನೀರಿನ ಮೇಲೆ ಸುತ್ತು ಸುತ್ತಾಗಿ ಹರಡುವ ಅಲೆ. ನೋಡುತ್ತ ಕೂತರೆ ನನಗಂತೂ ನಿದ್ದೆ ಬರುತ್ತಿತ್ತು. ಅದನ್ನೇ ನಾನು ಹೊಗಳಿಕೆ ಅಂದುಕೊಂಡೆ, ಅವನೂ ಹಾಗೇ ಅಂದುಕೊಂಡ.

ಶನಿವಾರ ಬೆಳಿಗ್ಗೆ ಬೀದಿಯ ತುಂಬ ಮಂಜು. ಎದುರು ಮನೆಯ ಗೋಡೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅನ್ನುವುದು ತಿಳಿಯುತ್ತಿರಲಿಲ್ಲ. ನಾನು ಕುರ್ಚಿಯಲ್ಲಿ ಕೂತು ಹೆಣಿಗೆ ಹಾಕುತ್ತಿದ್ದೆ. ಅಳಿಯ ಕೊಳವನ್ನು ನೋಡುತ್ತ ತನ್ನಲ್ಲೇ ನಗುತ್ತಿದ್ದ. ಇದ್ದಕ್ಕಿದ್ದಂತೆ ಕಿರುಚಿದ.

"ಅತ್ತೇ! ಕೊಳಕ್ಕೆ ದಡಾರ ಎದ್ದಿದೆ!"

ಎದ್ದು ನೋಡಿದರೆ ನಿಜವೇ. ಸ್ಕ್ರೀನಿನ ಮೇಲೆಲ್ಲ ನೇರಳೆ ಬಣ್ಣದ ಚುಕ್ಕಿ, ಅವುಗಳ ನಡುವೆ ಹಸಿರು ಗೆರೆ. ಚುಕ್ಕಿಗಳು ಸುಮ್ಮನೆ ಇರುತ್ತಲೂ ಇರಲಿಲ್ಲ. ಉದುರುತ್ತಿದ್ದವು, ಮಾಯವಾಗುತ್ತಿದ್ದವು, ಮತ್ತೆ ಬರುತ್ತಿದ್ದವು. ಮೋಡಣ್ಣ ತಲೆಯ ಮೇಲೆ ಕೈಹೊತ್ತ.

ಕೂಗಿಗೆ ಮೊದಲು ಬಂದವಳು ಎದುರು ಮನೆಯ ನರ್ಸಮ್ಮ. ರೋಗಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಅವಳಿಗೆ ನಾಡಿ ಹಿಡಿಯಲೇಬೇಕು. ಅವಳ ಹಿಂದೆಯೇ ಕೆಳಗಿನ ಮನೆಯ ರೇಡಿಯೋ ಮಾವ ಬಂದರು. ಆಯಸ್ಸೆಲ್ಲ ರೇಡಿಯೋ ರಿಪೇರಿ ಮಾಡಿದವರು. ರೇಡಿಯೋಗಳು ತೀರಿಕೊಂಡ ಮೇಲೆ, ಸ್ಕ್ರೂಡ್ರೈವರ್ ಹಿಡಿದು ಯಾರ ಮನೆಯಲ್ಲಿ ಏನು ಕೆಡುತ್ತದೋ ಎಂದು ಕಿವಿ ನೆಟ್ಟು ಕಾಯುವವರು.

"ಗಾಬರಿ ಬೇಡ. ಕಾಯಿಲೆ ಸ್ಕ್ರೀನಲ್ಲಿದ್ಯೋ ಪೆಟ್ಟಿಗೇಲಿದ್ಯೋ, ಮೊದಲು ಅದನ್ನ ನೋಡ್ಬೇಕು," ಎಂದಳು ನರ್ಸಮ್ಮ. ತನ್ನ ಮನೆಯ ಸ್ಕ್ರೀನನ್ನು ಮಗುವಿನ ಹಾಗೆ ಸೊಂಟದ ಮೇಲೆ ಎತ್ತಿಕೊಂಡು ಬಂದಳು. ವೈರು ಬದಲಾಯಿಸಿ ಜೋಡಿಸಿದರು. ಅದರಲ್ಲೂ ಅದೇ ಚುಕ್ಕಿ, ಅದೇ ಗೆರೆ.

"ಸ್ಕ್ರೀನು ನಿರಪರಾಧಿ," ಎಂದರು ಮಾವ. "ವೈರೂ ನಿರಪರಾಧಿ. ಕಳ್ಳ ಪೆಟ್ಟಿಗೆ ಒಳಗಿದಾನೆ. ಗ್ರಾಫಿಕ್ಸ್ ಕಾರ್ಡು! ಸ್ಕ್ರೀನಿಗೆ ಚಿತ್ರ ಕಳಿಸೋದೇ ಅದು. ಅದಕ್ಕೆ ಗ್ರಹಚಾರ ಕೆಟ್ಟಿದೆ. ಬಿಚ್ಚೋಣ. ಮೊದಲು ಈ ಅಂಗಿ..."

ಅಷ್ಟು ಹೇಳಿ ನಿಲ್ಲಿಸಿ, ನನ್ನ ಕಡೆ ನೋಡಿ, ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಇಲ್ಲಿ ಅಂಗಿಯ ವಿಷಯ ಹೇಳಿಬಿಡಬೇಕು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ: ನಾನು ಹೆಣೆದದ್ದನ್ನು ತೊಡಲೇಬೇಕು. ಕೆಟಲಿಗೆ ಟೋಪಿ ಇದೆ, ಕುರ್ಚಿಯ ಕಾಲಿಗೆ ಕಾಲುಚೀಲ ಇದೆ, ಬಾಗಿಲಿನ ಹಿಡಿಗೆ ಕೈಗವಸು ಇದೆ. ರೇಡಿಯೋ ಮಾವ ನಾನು ಕೊಟ್ಟ ಟೋಪಿಯನ್ನು ಒಂದು ಸಲ ತೆಗೆದಿಟ್ಟದ್ದಕ್ಕೆ ಒಂದು ಯುಗ ಮಾತು ಬಿಟ್ಟಿದ್ದೆ. ಯುಗ ಅಲ್ಲದಿದ್ದರೂ ಒಂದು ವಾರವಂತೂ ಹೌದು. ಇನ್ನು ಕಂಪ್ಯೂಟರಿನ ಪೆಟ್ಟಿಗೆಯ ವಿಷಯ. ಅದರ ಹಿಂದೆ ಮುಂದೆಲ್ಲ ಸಣ್ಣ ಸಣ್ಣ ತೂತು. ಚಳಿಗಾಲದಲ್ಲಿ ಆ ತೂತಿನಿಂದ ಥಂಡಿ ಗಾಳಿ ನುಗ್ಗಿದರೆ ಗತಿಯೇನು? ಅದಕ್ಕೇ ಮೊನ್ನೆ ಒಂದೂ ತೂತು ಕಾಣದ ಹಾಗೆ ಉಣ್ಣೆ ಅಂಗಿ ಹೆಣೆದು ತೊಡಿಸಿದ್ದೆ. ತೀರಿಹೋದ ನಮ್ಮ ಯಜಮಾನರ ಹಳೇ ಸ್ವೆಟರ್ ಬಿಚ್ಚಿ ಹೆಣೆದದ್ದು. ಉಣ್ಣೆ ಸಾಲದ ಕಡೆ ಸಿಕ್ಕ ಸಿಕ್ಕ ಚೂರು ಸೇರಿಸಿದೆ. ಹೀಗಾಗಿ ಬೂದುನೀಲಿಯ ಮೇಲೆ ಅಲ್ಲೊಂದು ಕೆಂಪು ತುಣುಕು, ಇಲ್ಲೊಂದು ಅರಿಶಿನ ಗೀರು, ಕಣ್ಣು ಮಂಜಾದ ಕಡೆ ಹೆಣಿಗೆಯೇ ದಾರಿ ತಪ್ಪಿ ಬೇರೆ ಕಡೆ ನಡೆದುಕೊಂಡು ಹೋಗಿತ್ತು. ಯಜಮಾನರ ಉಣ್ಣೆ ಅಂದಮೇಲೆ ಅದನ್ನು ಮುಟ್ಟುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಡಾಕ್ಟರ್ ಮುಂದೆ ಅಂಗಿ ಬಿಚ್ಚೋದು ತಪ್ಪಲ್ಲ, ತೆಗೀರಿ," ಎಂದೆ ದೊಡ್ಡ ಮನಸ್ಸು ಮಾಡಿ.

ಮಾವ ಪೆಟ್ಟಿಗೆ ಬಿಚ್ಚಿದರು. ಕಾರ್ಡನ್ನು ಈಚೆ ಎಳೆದರು. ಅದಕ್ಕೊಂದು ಪುಟ್ಟ ಫ್ಯಾನು. ಫ್ಯಾನಿನೊಳಗೆ ಗುಬ್ಬಿ ಗೂಡಿನ ಹಾಗೆ ಏನೋ ಸಿಕ್ಕಿಕೊಂಡಿತ್ತು. ಮಾವ ಅದನ್ನು ಚಿಮುಟದಲ್ಲಿ ಎಳೆದು ಬೆಳಕಿಗೆ ಹಿಡಿದರು. ಬೂದುನೀಲಿ ನವಿರು, ನಡುವೆ ಕೆಂಪು ಎಳೆ. ಒಂದು ಸಲ ಅಂಗಿಯನ್ನು ನೋಡಿದರು, ಒಂದು ಸಲ ನನ್ನನ್ನು ನೋಡಿದರು, ಅದನ್ನು ಜೇಬಿಗೆ ಹಾಕಿಕೊಂಡರು.

"ಏನದು?" ಎಂದೆ.

"ಧೂಳು. ಬರೀ ಧೂಳು," ಎಂದರು. ಹಣೆಯ ಮೇಲೆ ಬೆವರು.

ಕಾರ್ಡಿನ ಬಂಗಾರದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಒತ್ತಿ ಕೂರಿಸಿದರು. ಕಂಪ್ಯೂಟರು ಹಾಕಿದರೆ ಕೊಳ ಕನ್ನಡಿಯಾಗಿತ್ತು! ಒಂದು ಚುಕ್ಕಿ ಇಲ್ಲ. ಮೋಡಣ್ಣ ಮಾವನ ಕಾಲಿಗೆ ಬೀಳುವುದೊಂದು ಬಾಕಿ. ಎಲ್ಲರೂ ಕಾಫಿ ಕುಡಿದರು. ನಾನು ಪೆಟ್ಟಿಗೆಗೆ ಅಂಗಿ ತೊಡಿಸಿ, ಗುಂಡಿ ಹಾಕಿ, ತಲೆ ಸವರಿದೆ.

ಕಾಫಿ ಲೋಟ ತೊಳೆದಿಡುವಷ್ಟರಲ್ಲಿ ಮತ್ತೆ ದಡಾರ.

ಈ ಸಲ ನರ್ಸಮ್ಮನ ಸರದಿ. "ಕಾರ್ಡನ್ನ ನಮ್ಮನೆ ಪೆಟ್ಟಿಗೇಲಿ ಇಟ್ಟು ನೋಡೋಣ. ಅಲ್ಲೂ ಹೀಗೇ ಆದ್ರೆ ಕಾರ್ಡು ಸತ್ತ ಹಾಗೇ." ಕಾರ್ಡನ್ನು ಹತ್ತಿಯಲ್ಲಿ ಸುತ್ತಿ ಎದುರು ಮನೆಗೆ ಮೆರವಣಿಗೆ ಹೊರಟಿತು. ಮಂಜಿನಲ್ಲಿ ಮೂವರೂ ಬೀದಿ ದಾಟುವುದನ್ನು ಕಿಟಕಿಯಿಂದ ನೋಡಿದೆ. ಯಾರೋ ಕನಸಿನಲ್ಲಿ ತೊಟ್ಟಿಲು ಹೊತ್ತು ನಡೆದ ಹಾಗಿತ್ತು. ಅಲ್ಲಿ ಕಾರ್ಡು ಗುಂಡುಕಲ್ಲಿನ ಹಾಗೆ ಆರೋಗ್ಯವಾಗಿತ್ತಂತೆ. ಎಷ್ಟು ಹೊತ್ತು ಕಾದರೂ ಒಂದು ಚುಕ್ಕಿ ಬರಲಿಲ್ಲವಂತೆ. ತಂದು ನಮ್ಮ ಪೆಟ್ಟಿಗೆಯಲ್ಲಿಟ್ಟರು. ನಾನು ಅಂಗಿ ತೊಡಿಸಿದೆ. ಸ್ವಲ್ಪ ಹೊತ್ತಿಗೆ ಚುಕ್ಕಿ.

"ತವರಲ್ಲಿ ಚೆನ್ನಾಗಿರುತ್ತೆ, ಅತ್ತೆ ಮನೇಲಿ ಬಾಡುತ್ತೆ," ಎಂದಳು ನರ್ಸಮ್ಮ.

"ಎಲ್ಲರಿಗೂ ಹಾಗೇ ಆಗೋದು," ಎಂದ ಅಳಿಯ. ನಾನು ಕತ್ತೆತ್ತಿ ನೋಡಿದ ಕೂಡಲೇ, "ಅಂದ್ರೆ, ಕಾರ್ಡಿಗೆ," ಎಂದು ಸೇರಿಸಿದ.

ನರ್ಸಮ್ಮ ಅಂಗಿಯ ಮೇಲೆ ಅಂಗೈ ಇಟ್ಟು ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. "ಅಯ್ಯಪ್ಪ! ಮೈ ಕೆಂಡ! ಈ ಜ್ವರಕ್ಕೇ ಕಣ್ರೀ ಚುಕ್ಕಿ ಏಳ್ತಿರೋದು. ಕಾರ್ಡು ಮೊದಲೇ ವಯಸ್ಸಾದದ್ದು, ಕಾವು ತಡೀತಿಲ್ಲ. ಗಾಳಿ ಬೇಕು ಅದಕ್ಕೆ."

ಮೂವರೂ ಅಂಗಿಯನ್ನು ನೋಡಿದರು. ಮೂವರೂ ನನ್ನನ್ನು ನೋಡಿದರು. ಆಮೇಲೆ ಮೂವರೂ ಸೂರನ್ನು ನೋಡಿದರು. ರೇಡಿಯೋ ಮಾವ ಅಳಿಯನ ಪಕ್ಕೆಗೆ ತಿವಿದರು. ಅಳಿಯ ಗಂಟಲು ಸರಿಮಾಡಿಕೊಂಡ.

"ಅತ್ತೆ... ಇದಕ್ಕೆ ಸ್ವಲ್ಪ... ಸೆಖೆ ಆಗ್ತಿದ್ಯೇನೋ."

"ಸೆಖೆಯಾ? ಈ ಮಂಜಲ್ಲಿ? ನೀನೂ ನಾನು ಹೆಣೆದ ಸ್ವೆಟರ್ ಹಾಕ್ಕೊಂಡಿದೀಯಲ್ಲ, ನಿನಗೆ ಸೆಖೆ ಆಗ್ತಿದ್ಯಾ?"

ಅವನ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. "ಇಲ್ಲ ಅತ್ತೆ. ಹಿತವಾಗಿದೆ," ಎಂದ.

"ಮತ್ತೆ?"

ಮತ್ತೇನಿಲ್ಲ. ಅಂಗಿಯೊಂದನ್ನು ಬಿಟ್ಟು ಬೇರೆಲ್ಲ ಮದ್ದೂ ನಡೆಯಿತು. ಕಿಟಕಿ ತೆಗೆದರು, ಮಂಜು ಒಳಗೆ ಬಂದು ನಮ್ಮ ಜೊತೆ ಕೂತಿತು. ಟೇಬಲ್ ಫ್ಯಾನು ಇಟ್ಟರು, ನನ್ನ ಉಣ್ಣೆಯ ಉಂಡೆಗಳೆಲ್ಲ ಉರುಳಿಕೊಂಡು ಮಂಚದ ಕೆಳಗೆ ಸೇರಿದವು. ನರ್ಸಮ್ಮ ಒದ್ದೆ ಬಟ್ಟೆಯ ಪಟ್ಟಿ ತಂದು ಪೆಟ್ಟಿಗೆಯ ಹಣೆಗೆ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಆ ಫ್ಯಾನಿನ ಗುಂಯ್‌ಗುಟ್ಟುವಿಕೆಗೆ ನನಗೆ ಜೋಂಪು ಹತ್ತಿತು. ಪೆಟ್ಟಿಗೆಗೆ ನಾಲ್ಕು ಕಾಲು ಮೂಡಿ ಅದು ಕುರಿಯಾಗಿತ್ತು. ಮೇಜಿನಿಂದ ಇಳಿದು, ಸ್ಕ್ರೀನಿನೊಳಗೆ ಹೋಗಿ, ಕೊಳದ ದಂಡೆಯ ಹಸಿರು ಗೆರೆಗಳನ್ನು ಒಂದೊಂದಾಗಿ ಮೇಯುತ್ತಿತ್ತು. ನಮ್ಮ ಯಜಮಾನರು ಆಚೆ ದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. "ನನ್ನ ಸ್ವೆಟರ್ ಎಲ್ಲೇ?" ಎಂದರು. "ಕುರಿ ಹಾಕ್ಕೊಂಡಿದೆ," ಎಂದೆ. "ಸರಿ ಬಿಡು, ಅದರದ್ದೇ ಅಲ್ವಾ," ಎಂದರು.

ಧಡ್! ಎಂಬ ಶಬ್ದಕ್ಕೆ ಎಚ್ಚರವಾಯಿತು.

ಅಳಿಯನ ಭಾವ ಬಂದಿದ್ದ. ಬಂದವನೇ ಪೆಟ್ಟಿಗೆಯ ನೆತ್ತಿಗೆ ಗುದ್ದಿದ್ದ. "ನಮ್ಮಂಗಡೀಲಿ ಎಲ್ಲಾ ರಿಪೇರಿನೂ ಇದರಲ್ಲೇ," ಎಂದು ಮುಷ್ಟಿ ತೋರಿಸಿದ. "ಸೋಮವಾರ ಬೇಗ ಬಂದುಬಿಡು ಮೋಡಣ್ಣ. ಎಂಟರ ನಟ್ಟು, ಹತ್ತರ ನಟ್ಟು ಎಲ್ಲ ಬೆರೆತುಹೋಗಿವೆ. ಬೇರೆ ಮಾಡ್ತಾ ಕೂತ್ರೆ ನಿನಗೆ ವರ್ಷ ಹೋಗಿದ್ದೇ ಗೊತ್ತಾಗಲ್ಲ."

ಅಳಿಯ ಕಿಟಕಿಯಾಚೆ ನೋಡಿದ. ಅಷ್ಟು ಹೊತ್ತಿಗೆ ಮಂಜು ಕರಗಿ ಸಂಜೆ ಬಿಸಿಲು ಗೋಡೆಯ ಮೇಲೆ ಜೇನಿನ ಹಾಗೆ ಇಳಿಯುತ್ತಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡಿದ್ದ. ತಮಾಷೆ ಮಾಡುತ್ತೇನೆ ನಿಜ, ಆದರೆ ಹಾಲು ಉಕ್ಕಿದಾಗ ಮೋಡ ತೋರಿಸೋದಕ್ಕೆ ನನ್ನನ್ನು ಕೂಗುವವನು ಈ ಮನೆಯಲ್ಲಿ ಅವನೊಬ್ಬನೇ.

ಮಗಳು ಬೇಕರಿಯಿಂದ ಬಂದಳು. ಕೈಯಲ್ಲಿ ಕೇಕಿನ ಡಬ್ಬಿ. ಅವಳ ಹಿಂದೆಯೇ ಕಾರು ನಿಂತ ಸದ್ದು.

ನಾನು ಜೋಂಪಿನಲ್ಲಿದ್ದಾಗ ಧೈರ್ಯ ಮಾಡಿ ಅಂಗಿ ಬಿಚ್ಚಿದ್ದ ಮಾವ, ಪೆಟ್ಟಿಗೆಯನ್ನು ಬರಿಮೈಯಲ್ಲಿ ನಿಲ್ಲಿಸಿ ಗಾಳಿ ಹಾಕುತ್ತಿದ್ದರು. ಸ್ಕ್ರೀನು ತಿಳಿಯಾಗಿತ್ತು. ನಾನು ಎದ್ದು ಅಂಗಿ ಕೈಗೆತ್ತಿಕೊಂಡೆ.

"ಅಜ್ಜಿ, ಈಗ ಬೇಡ..." ನರ್ಸಮ್ಮ ಅಡ್ಡ ಬಂದಳು.

"ಬರೋರ ಮುಂದೆ ಬೋಳು ಬೋಳಾಗಿ ನಿಲ್ಲಿಸ್ತಾರಾ? ಮನೆ ಮರ್ಯಾದೆ ಅಂತ ಒಂದಿಲ್ವಾ?" ಎಂದು ತೊಡಿಸಿ, ಗುಂಡಿ ಹಾಕಿದೆ. ಅಳಿಯ ಕಣ್ಣು ಮುಚ್ಚಿಕೊಂಡ.

ಮಿಲ್ಲಿನ ಯಜಮಾನಿ ಒಳಗೆ ಬಂದರು. ನೆಟ್ಟನೆಯ ಹೆಂಗಸು, ಬೆಳ್ಳಿ ಕೂದಲು, ಬೆರಳು ತುಂಬ ಬಣ್ಣದ ಕಲೆ. ಕುರ್ಚಿ ಎಳೆದುಕೊಂಡು ಕೊಳದ ಮುಂದೆ ಕೂತರು. ನೋಡಿದರು. ಇನ್ನೂ ನೋಡಿದರು. ನೋಡುತ್ತ ನೋಡುತ್ತ ಆಕಳಿಸಿದರು.

"ಚೆನ್ನಾಗಿದೆ," ಎಂದರು.

ಆ ಮಾತು ಕೇಳಿದ್ದೇ ಮಗಳು ಕೇಕಿನ ಡಬ್ಬಿಯ ದಾರವನ್ನು ಮತ್ತೆ ಬಿಗಿಯಾಗಿ ಕಟ್ಟಿದಳು. ಭಾವ ಹೊಟ್ಟೆ ಸವರಿಕೊಂಡ. ಆಗಲೇ ಕಾವು ಏರಿತು. ಮೊದಲ ಚುಕ್ಕಿ ಬಿತ್ತು. ಇನ್ನೊಂದು ಬಿತ್ತು. ನೋಡನೋಡುತ್ತ ಕೊಳದ ತುಂಬ ನೇರಳೆ ಹೂ ಉದುರಿತು. ಹಸಿರು ಎಳೆಗಳು ಮೇಲಿನಿಂದ ಮಳೆಯ ಹಾಗೆ ಇಳಿದವು. ಕಿಟಕಿಯ ಬಿಸಿಲು, ಸ್ಕ್ರೀನಿನ ಬಣ್ಣ ಎಲ್ಲ ಕಲೆತು ನಮ್ಮ ಮುಖಗಳ ಮೇಲೆ ಆಡುತ್ತಿದ್ದವು. ಯಾರೂ ಉಸಿರಾಡಲಿಲ್ಲ. ಭಾವ ಕೂಡ ಬಾಯಿ ತೆರೆದು ನಿಂತ. ಆ ಗಳಿಗೆ ನಾವೆಲ್ಲರೂ ನೀರಿನ ಅಡಿಯಲ್ಲಿದ್ದೆವು ಅಂತ ಈಗಲೂ ನನಗನಿಸುತ್ತದೆ.

ಯಜಮಾನಿ ಮುಂದಕ್ಕೆ ಬಾಗಿದರು. ಬೆರಳು ಚಾಚಿದರು.

"ಇದು! ಇದನ್ನ ಯಾಕೆ ಮೊದಲೇ ತೋರಿಸಲಿಲ್ಲ? ಎಲ್ಲೋ ಶುರುವಾಗಿ ಎಲ್ಲೋ ನಿಲ್ಲುತ್ತೆ, ಮನಸ್ಸಿಗೆ ಬಂದ ಕಡೆ ಹೋಗುತ್ತೆ. ಇಂಥದ್ದನ್ನ ನಾನು ಕಂಡೇ ಇಲ್ಲ. ಯಾರು ಮಾಡಿದ್ದು?"

ಅಳಿಯ ಕಣ್ಣು ಬಿಟ್ಟ. ಸ್ಕ್ರೀನಿನ ಹೂಮಳೆ ನೋಡಿದ. ಅವನ ಜನ್ಮದಲ್ಲೇ ಮೊದಲ ಸಲ ಚುರುಕಾಗಿ ಉತ್ತರ ಕೊಟ್ಟ: "ನಾನೇ!"

"ನೀವಾ? ಈ ಕೈಯಿಂದಲಾ?"

"ಇದೇ ಕೈ. ಕೂತಲ್ಲೇ ಕೂತು, ಕಣ್ಣಿಗೆ ಎಣ್ಣೆ ಬಿಟ್ಕೊಂಡು ಮಾಡಿದೀನಿ."

ಯಜಮಾನಿ ಹುಬ್ಬೇರಿಸಿದರು. "ಇದನ್ನ ಮಾಡಿದೋರಿಗೇ ಕೆಲಸ. ಸೋಮವಾರ ಕಾರು ಕಳಿಸ್ತೀನಿ."

ಆಮೇಲೆ ಏನು ಕೇಳುತ್ತೀರಿ! ಮಗಳು ಡಬ್ಬಿಯ ದಾರ ಕತ್ತರಿಸಿದಳು. ಅಳಿಯ, ನರ್ಸಮ್ಮ, ಮಾವ ಮೂವರೂ ಕೈ ಕೈ ಹಿಡಿದು ಅಡುಗೆಮನೆಗೆ ನುಗ್ಗಿದರು. ದುಃಖಕ್ಕೆ ಕೇಕು ಒಳ್ಳೆಯದೆಂದು ಭಾವನೂ ಹಿಂದೆ ಹೋದ. ಯಜಮಾನಿಯನ್ನು ಬಾಗಿಲವರೆಗೆ ಬಿಟ್ಟು ಬರಲು ಉಳಿದವಳು ನಾನೊಬ್ಬಳೇ. ಕಾರು ಹೊರಟ ಸದ್ದಿಗೆ ಅವರೆಲ್ಲ ಕೆನೆ ಮೆತ್ತಿದ ಬಾಯಲ್ಲೇ ಓಡಿ ಬಂದು ಕಿಟಕಿಯಿಂದ ಕೈ ಬೀಸಿದರು.

ಬೀಸಿ ತಿರುಗಿದರೆ, ಸ್ಕ್ರೀನಿನಲ್ಲಿ ತಿಳಿನೀಲಿ ಕೊಳ. ಒಂದು ಹೂ ಇಲ್ಲ, ಒಂದು ಎಳೆ ಇಲ್ಲ.

"ಎಲ್ಲಿ?" ಎಂದ ಅಳಿಯ. "ನನ್ನ ಹೂಗಳೆಲ್ಲಿ?"

ಕಂಪ್ಯೂಟರಿನಲ್ಲಿ ಹುಡುಕಿದ. ಅದರೊಳಗಿದ್ದದ್ದು ಬರೀ ಕೊಳ. ಕಾಯಿಲೆ ಸ್ಕ್ರೀನಿನ ಮೇಲೆ ಬಂದು ಹೋದದ್ದೇ ಹೊರತು, ಒಳಗೆಲ್ಲೂ ಬರೆದು ಇಟ್ಟಿರಲಿಲ್ಲ.

"ಬೆಳಿಗ್ಗೆನೇ ಒಂದು ಫೋಟೋ ತೆಗೀಬೇಕಿತ್ತು," ಎಂದರು ಮಾವ.

"ದಡಾರ ಎದ್ದ ಮಗೂದು ಯಾರಾದ್ರೂ ಫೋಟೋ ತೆಗೀತಾರಾ?" ಎಂದಳು ನರ್ಸಮ್ಮ.

ಬೆಳಗಿನಿಂದ ವಾಸಿಯಾಗಲಿ ಎಂದು ಹರಕೆ ಹೊತ್ತವರು, ಈಗ ಕಾಯಿಲೆ ಬರಲಿ ಎಂದು ಕಾಲಿಗೆ ಬಿದ್ದರು. ಕಿಟಕಿ ಮುಚ್ಚಿದರು. ಅಳಿಯ ತನ್ನ ಸ್ವೆಟರ್ ಕಳಚಿ ಪೆಟ್ಟಿಗೆಗೆ ತೊಡಿಸಿದ. ಮಗಳು ಕಂಬಳಿ ತಂದಳು, ನರ್ಸಮ್ಮ ಬಿಸಿನೀರಿನ ಚೀಲ ತಂದಳು. ಭಾವ ಮತ್ತೊಂದು ಗುದ್ದು ಕೊಟ್ಟ. ನಾನು ತಡೆಯಲಿಲ್ಲ. ನೋಡೋದಕ್ಕೆ ಚೆನ್ನಾಗಿತ್ತು.

ತಟ್ಟನೆ ಅಳಿಯ ನನ್ನ ಕಡೆ ತಿರುಗಿದ. "ಅತ್ತೆ! ಆ ಅಂಗಿ! ನಿಮ್ಮ ಅಂಗಿ ಇದ್ರೆ ಕಾಯಿಲೆ ಖಂಡಿತ ಬರುತ್ತೆ. ಎಲ್ಲಿದೆ ಅದು? ನಿಮ್ಮ ದಮ್ಮಯ್ಯ, ಆ ಅಂಗಿ ಕೊಡಿ!"

ಹೇಳಿದ ಮೇಲೆ ತಾನೇನು ಹೇಳಿದೆ ಅನ್ನುವುದು ಅವನಿಗೇ ಗೊತ್ತಾಗಿ ನಾಲಿಗೆ ಕಚ್ಚಿಕೊಂಡ. ರೇಡಿಯೋ ಮಾವ ಮೆಲ್ಲಗೆ ಬಾಗಿಲ ಕಡೆ ಜರುಗಿದರು.

"ಅಂಗಿ ಇಲ್ಲಪ್ಪ," ಎಂದೆ. "ಕಾರಲ್ಲಿ ಹೋಯ್ತು."

ಎಲ್ಲರೂ ಅಡುಗೆಮನೆಯಲ್ಲಿ ಕುಣಿಯುತ್ತಿದ್ದಾಗ ನಡೆದದ್ದು ಇಷ್ಟೇ. ಯಜಮಾನಿ ಪೆಟ್ಟಿಗೆಯ ಪಕ್ಕ ಮಂಡಿಯೂರಿ ಕೂತು, ಅಂಗಿಯ ದಾರಿತಪ್ಪಿದ ಹೆಣಿಗೆಯನ್ನು ಬೆರಳಲ್ಲಿ ಹಿಂಬಾಲಿಸುತ್ತ ನನ್ನನ್ನು ಕೇಳಿದರು, "ಅಜ್ಜಿ, ನಿಮ್ಮಳಿಯ ನಿಜವಾಗ್ಲೂ ಇಷ್ಟು ಚೆನ್ನಾಗಿ ಹೆಣೀತಾರಾ?"

"ಅವನಿಗೆ ಸೂಜಿಗೆ ದಾರ ಪೋಣಿಸಕ್ಕೂ ಬರಲ್ಲ ತಾಯಿ," ಎಂದೆ.

"ಮತ್ತೆ ಆ ಸ್ಕ್ರೀನು ಯಾಕೆ ಹಾಗೆ ಮಿನುಗುತ್ತೆ? ಕೆಟ್ಟಿದ್ಯಾ?"

"ಬೆಳಿಗ್ಗೆಯಿಂದ ಕೆಟ್ಟಿದೆ."

ಅವರು ಅಂಗಿಯನ್ನು ಕೇಳಿದರು, ನಾನು ಗುಂಡಿ ಬಿಚ್ಚಿ, ಎರಡು ಬೆರಳಲ್ಲಿ ಎತ್ತಿ ಕೊಟ್ಟೆ. ಕೊಡುವಾಗ ಮನಸ್ಸು ಒಂದು ಸಲ ಹಿಂಜರಿಯಿತು, ಯಜಮಾನರ ಉಣ್ಣೆಯಲ್ಲವೇ. ಆಮೇಲೆ ಅಂದುಕೊಂಡೆ: ಬದುಕಿದ್ದಾಗ ಕಿಟಕಿ ಬಿಟ್ಟು ಏಳದ ಮನುಷ್ಯ, ಇನ್ನು ಊರವರೆಲ್ಲರ ಕಿಟಕಿಯಲ್ಲೂ ನೇತಾಡಿಕೊಂಡು ಬೀದಿ ನೋಡಲಿ.

ಸೋಮವಾರ ಬೆಳಿಗ್ಗೆ ನಮ್ಮ ಮನೆಯಿಂದ ಇಬ್ಬರು ಹೊಸ ಕೆಲಸಕ್ಕೆ ಹೊರಟರು. ಒಬ್ಬರು ನಡೆದುಕೊಂಡು, ಒಬ್ಬರು ಕಾರಿನಲ್ಲಿ. ಮತ್ತೆ ಮಂಜು ಬಿದ್ದಿತ್ತು, ಕಾರು ತೇಲಿಕೊಂಡು ಹೋದ ಹಾಗೆ ಹೋಯಿತು. ದಾರಿಯಲ್ಲಿ ಬೋಲ್ಟ್ ಅಂಗಡಿ. ಒಳಗೆ ಎಂಟರ ನಟ್ಟು, ಹತ್ತರ ನಟ್ಟು ಬೇರೆ ಮಾಡಬೇಕಾದವರೊಬ್ಬರು ಅವನ್ನೆಲ್ಲ ಮೇಜಿನ ಮೇಲೆ ಸುತ್ತು ಸುತ್ತಾಗಿ ಜೋಡಿಸಿ, ಅಲೆ ಎಬ್ಬಿಸಿ, ಆ ಕೊಳದ ದಂಡೆಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು. ಭಾವ ಮುಷ್ಟಿ ಎತ್ತಿಕೊಂಡು ಹಿಂದೆ ಬರುತ್ತಿದ್ದ. ಮನೆಯಲ್ಲಿ ಕಂಪ್ಯೂಟರು ಬರಿಮೈಯಲ್ಲಿ ಗುಂಡುಕಲ್ಲಿನ ಹಾಗೆ ಆರೋಗ್ಯವಾಗಿತ್ತು.

ಈಗ ನೀವು ಹೇಳಿ ನೋಡೋಣ. ಕಾರಿನ ಕಿಟಕಿ ಇಳಿಸಿ ಅಂಗಡಿಯ ಕಡೆ ಕೈ ಬೀಸಿದವರು ಯಾರು? ಮಿಲ್ಲಿನ ಅಷ್ಟು ದೊಡ್ಡ ಯಂತ್ರಕ್ಕೆ ಥಂಡಿ ಆಗದಿರಲಿ ಅಂತ ಅವರ ಮಡಿಲಲ್ಲಿ ಆಗಲೇ ಅರ್ಧ ಹೆಣೆದದ್ದು ಏನು?